ರಸ್ತೆಬದಿ ವಾಹನ ನಿಲುಗಡೆ ನಿಷೇಧ ಹಾಗೂ ವೇಗಮಿತಿ ಇಳಿಕೆ ಕೋರುವ ನಾಗರಿಕರಿಗೆ ಮಾಹಿತಿ

ತಮ್ಮ ಬಡಾವಣೆಯ ಒಳರಸ್ತೆ, ಶಾಲೆ ಅಥವಾ ಆಸ್ಪತ್ರೆಯ ಮುಂಭಾಗದ ರಸ್ತೆ, ಮಾರುಕಟ್ಟೆ ಬೀದಿ ಮುಂತಾದೆಡೆ ವಾಹನ ನಿಲುಗಡೆಯನ್ನು ನಿಷೇಧಿಸುವಂತೆಯೂ ವಾಹನಗಳ ವೇಗಮಿತಿಯನ್ನು ಇಳಿಸುವಂತೆಯೂ ಕೋರಿ ಅರ್ಜಿ ಸಲ್ಲಿಸಲು ಇಚ್ಛಿಸುವ ನಾಗರಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಯಾವ ಕಾನೂನಿನಡಿ ಇಂತಹ ಆದೇಶವನ್ನು ಹೊರಡಿಸಲಾಗುತ್ತದೆ, ಅರ್ಜಿಯನ್ನು ಯಾರಿಗೆ ಸಲ್ಲಿಸಬೇಕು, ಅದರೊಂದಿಗೆ ಏನನ್ನು ಲಗತ್ತಿಸಿದರೆ ಪರಿಶೀಲನೆ ಸುಗಮವಾಗುತ್ತದೆ ಎಂಬುದನ್ನು ಇಲ್ಲಿ ವಿವರಿಸಿದೆ. ರಾಷ್ಟ್ರೀಯ ಹೆದ್ದಾರಿಗಳ ವಿಷಯ ಬೇರೆಯಾಗಿದ್ದು, ಅದನ್ನು ಪ್ರಸಂಗಾನುಸಾರ ಮಾತ್ರ ಪ್ರಸ್ತಾಪಿಸಲಾಗಿದೆ.

ಎರಡನ್ನೂ ಒಟ್ಟಿಗೆ ಕೋರುವುದೇಕೆ

ಸಾರ್ವಜನಿಕರಿಂದ ಬರುವ ಮನವಿಗಳಲ್ಲಿ ಸಾಮಾನ್ಯವಾಗಿ ಒಂದೇ ಬೇಡಿಕೆ ಇರುತ್ತದೆ: ವಾಹನಗಳನ್ನು ತೆರವುಗೊಳಿಸಿ ಎಂದಾಗಲಿ, ವೇಗಕ್ಕೆ ಕಡಿವಾಣ ಹಾಕಿ ಎಂದಾಗಲಿ. ವಾಸ್ತವದಲ್ಲಿ ಇವೆರಡೂ ಒಂದೇ ಸಮಸ್ಯೆಯ ಎರಡು ಮುಖಗಳು. ಇಕ್ಕೆಲಗಳಲ್ಲಿ ನಿಂತ ವಾಹನಗಳನ್ನು ಮಾತ್ರ ತೆಗೆಸಿದರೆ ರಸ್ತೆ ಅಗಲವಾಗಿ ಕಾಣುತ್ತದೆ. ಅಗಲವಾಗಿ ಕಂಡ ರಸ್ತೆಯಲ್ಲಿ ಚಾಲಕರು ತಮಗರಿವಿಲ್ಲದೆಯೇ ವೇಗ ಹೆಚ್ಚಿಸುತ್ತಾರೆ. ವೇಗಮಿತಿಯ ಫಲಕವನ್ನು ಮಾತ್ರ ನೆಟ್ಟು ವಾಹನಗಳನ್ನು ಹಾಗೆಯೇ ಬಿಟ್ಟರೆ, ಎರಡು ಕಾರುಗಳ ನಡುವಿನಿಂದ ರಸ್ತೆಗಿಳಿಯುವ ಮಗು ಚಾಲಕನ ಕಣ್ಣಿಗೆ ಬೀಳುವುದು ಕೊನೆಯ ಕ್ಷಣದಲ್ಲಿಯೇ. ಆದ್ದರಿಂದ ಅರ್ಜಿದಾರರು ಎರಡನ್ನೂ ಒಂದೇ ಅರ್ಜಿಯಲ್ಲಿ ಕೋರುವುದು ಸೂಕ್ತ. ತೆರವಾದ ಜಾಗವನ್ನು ಪಾದಚಾರಿ ಮಾರ್ಗಕ್ಕೋ, ತಿರುವುಗಳಲ್ಲಿ ಪಾದಚಾರಿಗಳು ನಿಲ್ಲುವ ಕಟ್ಟೆಯ ವಿಸ್ತರಣೆಗೋ ಬಳಸುವಂತೆ ಸೇರಿಸಿ ಕೇಳಿದಲ್ಲಿ ಇನ್ನೂ ಉತ್ತಮ.

ಇದರ ಹಿಂದಿನ ಲೆಕ್ಕ ಸರಳವಾದುದು. ಅಪಾಯವನ್ನು ಕಂಡ ಚಾಲಕನು ಬ್ರೇಕ್ ಒತ್ತಲು ಒಂದು ಸೆಕೆಂಡ್ ತೆಗೆದುಕೊಳ್ಳುತ್ತಾನೆಂದು ಭಾವಿಸೋಣ. ಒಣಗಿದ ಡಾಂಬರು ರಸ್ತೆಯಲ್ಲಿ, ಬ್ರೇಕ್ ಸುಸ್ಥಿತಿಯಲ್ಲಿರುವ ಕಾರು ಗಂಟೆಗೆ 30 ಕಿ.ಮೀ. ವೇಗದಲ್ಲಿದ್ದರೆ ಸುಮಾರು 13 ಮೀಟರ್ ಅಂತರದಲ್ಲಿ ಪೂರ್ಣವಾಗಿ ನಿಲ್ಲುತ್ತದೆ. 40 ಕಿ.ಮೀ. ವೇಗದಲ್ಲಿ ಈ ಅಂತರ ಸುಮಾರು 20 ಮೀಟರ್, 50 ಕಿ.ಮೀ. ವೇಗದಲ್ಲಿ ಸುಮಾರು 28 ಮೀಟರ್. ಈಗ 15 ಮೀಟರ್ ಮುಂದೆ ಒಂದು ಮಗು ಕಾರುಗಳ ಮರೆಯಿಂದ ಹೊರಬಂದಿತೆನ್ನಿ. ಗಂಟೆಗೆ 30 ಕಿ.ಮೀ. ವೇಗದ ಕಾರು ಮಗುವನ್ನು ಮುಟ್ಟುವ ಮುನ್ನವೇ ನಿಂತಿರುತ್ತದೆ. 50 ಕಿ.ಮೀ. ವೇಗದ ಕಾರು ಚಾಲಕನ ಕಾಲು ಬ್ರೇಕಿಗೆ ತಾಗುವ ಹೊತ್ತಿಗಾಗಲೇ ಸುಮಾರು 14 ಮೀಟರ್ ಸಾಗಿರುತ್ತದೆ. ಡಿಕ್ಕಿಯಾಗುವಾಗ ಅದರ ವೇಗ ಇನ್ನೂ 48 ಕಿ.ಮೀ. ಆಸುಪಾಸಿನಲ್ಲಿಯೇ ಇರುತ್ತದೆ. ಮಳೆಗಾಲದಲ್ಲಿ, ಸವೆದ ಟೈರುಗಳಲ್ಲಿ, ಹಿಂಬದಿ ಸವಾರನಿರುವ ದ್ವಿಚಕ್ರ ವಾಹನದಲ್ಲಿ ಈ ಅಂಕಿಗಳು ಇನ್ನಷ್ಟು ಪ್ರತಿಕೂಲವಾಗುತ್ತವೆ. ಡಿಕ್ಕಿಯ ಶಕ್ತಿಯೂ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ 50 ಕಿ.ಮೀ. ವೇಗದ ಹೊಡೆತವು 30 ಕಿ.ಮೀ. ವೇಗದ ಹೊಡೆತಕ್ಕಿಂತ ಸುಮಾರು 2.8 ಪಟ್ಟು ಬಲವಾದುದು.

ಸರಾಸರಿ ವೇಗ ಶೇ. 1ರಷ್ಟು ಹೆಚ್ಚಿದರೆ ಮಾರಣಾಂತಿಕ ಅಪಘಾತದ ಸಂಭವ ಶೇ. 4ರಷ್ಟು ಹೆಚ್ಚುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನರು ಮೃತಪಟ್ಟಿದ್ದು, ಅವರಲ್ಲಿ 32,825 ಮಂದಿ ಪಾದಚಾರಿಗಳು. ಅದೇ ವರ್ಷದ ಸಾವುಗಳಲ್ಲಿ ಶೇ. 71ಕ್ಕೂ ಹೆಚ್ಚಿನವಕ್ಕೆ ಅತಿವೇಗವನ್ನು ಕಾರಣವೆಂದು ದಾಖಲಿಸಲಾಗಿದೆ.

ವೇಗ ಇಳಿಸಿದರೆ ಸಮಯ ವ್ಯರ್ಥವಾಗುತ್ತದೆಂಬ ಆಕ್ಷೇಪ ಆಗಾಗ್ಗೆ ಕೇಳಿಬರುತ್ತದೆ. ಶಾಲೆಯ ಮುಂದಿನ 300 ಮೀಟರ್ ಉದ್ದದ ರಸ್ತೆಯನ್ನು 50 ಕಿ.ಮೀ. ವೇಗದಲ್ಲಿ ದಾಟಲು ಸುಮಾರು 22 ಸೆಕೆಂಡ್, 30 ಕಿ.ಮೀ. ವೇಗದಲ್ಲಿ 36 ಸೆಕೆಂಡ್ ಬೇಕು. ವ್ಯತ್ಯಾಸ 14 ಸೆಕೆಂಡ್. ಮುಂದಿನ ಸಿಗ್ನಲ್‌ನಲ್ಲಿ ಕಾಯುವ ಸಮಯವು ಬಹುಪಾಲು ಇದಕ್ಕಿಂತ ಹೆಚ್ಚಿರುತ್ತದೆ.

ಅನ್ವಯವಾಗುವ ಕಾನೂನು

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 112ರ ಉಪಕಲಂ (2)ರ ಮೇರೆಗೆ, ಸಾರ್ವಜನಿಕ ಸುರಕ್ಷತೆ ಅಥವಾ ಅನುಕೂಲದ ದೃಷ್ಟಿಯಿಂದ, ಇಲ್ಲವೇ ರಸ್ತೆ ಅಥವಾ ಸೇತುವೆಯ ಸ್ವರೂಪದ ಕಾರಣದಿಂದ, ನಿರ್ದಿಷ್ಟ ಪ್ರದೇಶ ಅಥವಾ ರಸ್ತೆಗೆ ಪ್ರತ್ಯೇಕ ವೇಗಮಿತಿಯನ್ನು ಗೊತ್ತುಪಡಿಸಲು ರಾಜ್ಯ ಸರ್ಕಾರಕ್ಕೆ ಅಥವಾ ಅದು ಅಧಿಕಾರ ನೀಡಿದ ಪ್ರಾಧಿಕಾರಕ್ಕೆ ಅವಕಾಶವಿದೆ. ರಾಜ್ಯಪತ್ರದಲ್ಲಿ ಅಧಿಸೂಚನೆ ಹೊರಡಿಸುವುದು ಮತ್ತು ಸೂಕ್ತ ಸ್ಥಳಗಳಲ್ಲಿ ಕಲಂ 116ರಂತೆ ಸಂಚಾರ ಚಿಹ್ನೆಯ ಫಲಕಗಳನ್ನು ಅಳವಡಿಸುವುದು, ಇವೆರಡೂ ಆಗಬೇಕು. ಅಧಿಸೂಚನೆ ಇದ್ದು ಫಲಕವಿಲ್ಲದಿದ್ದರೆ, ಅಥವಾ ಉತ್ಸಾಹಿಗಳು ತಾವೇ ಫಲಕ ಬರೆಸಿ ನೆಟ್ಟು ಅಧಿಸೂಚನೆ ಇಲ್ಲದಿದ್ದರೆ, ಕ್ರಮ ಜರುಗಿಸುವುದು ಕಷ್ಟವಾಗುತ್ತದೆ. ಬಡಾವಣೆಗಳಲ್ಲಿ ಈ ಎರಡನೆಯ ಬಗೆಯ ಫಲಕಗಳೇ ಹೆಚ್ಚಾಗಿ ಕಾಣುತ್ತವೆ ಎಂಬುದನ್ನು ಇಲ್ಲಿ ಹೇಳಲೇಬೇಕಾಗಿದೆ.

ಇದೇ ಕಲಂನ ಒಂದು ಪರಂತುಕವು ಅರ್ಜಿದಾರರಿಗೆ ಬಹಳ ಉಪಯುಕ್ತವಾಗಿದ್ದರೂ ಹೆಚ್ಚಿನವರ ಗಮನಕ್ಕೆ ಬಂದಿಲ್ಲ. ನಿರ್ಬಂಧವು ಒಂದು ತಿಂಗಳಿಗೆ ಮೀರದ ಅವಧಿಗೆ ಜಾರಿಯಲ್ಲಿರುವುದಾದರೆ ರಾಜ್ಯಪತ್ರದ ಅಧಿಸೂಚನೆ ಅವಶ್ಯವಿಲ್ಲ. ವಾಹನ ಸಂಚಾರವನ್ನು ನಿರ್ಬಂಧಿಸುವ ಕಲಂ 115ರಲ್ಲಿಯೂ ಇಂತಹುದೇ ಅವಕಾಶವಿದೆ. ಆದ್ದರಿಂದ ವಿರೋಧ ಬರಬಹುದೆಂಬ ಅನುಮಾನವಿರುವ ಬೀದಿಗಳಲ್ಲಿ ಮೊದಲು ಒಂದು ತಿಂಗಳ ಪ್ರಾಯೋಗಿಕ ಜಾರಿಯನ್ನು ಕೋರಿ, ಅದರ ಫಲಿತಾಂಶವನ್ನು ದಾಖಲಿಸಿ, ನಂತರ ಕಾಯಂ ಆದೇಶಕ್ಕೆ ಮನವಿ ಸಲ್ಲಿಸುವುದು ಜಾಣತನ.

ವಾಹನ ನಿಲುಗಡೆಗೆ ಸಂಬಂಧಿಸಿದಂತೆ ಕಲಂ 117ರ ಅನ್ವಯ, ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ, ವಾಹನಗಳು ಅನಿರ್ದಿಷ್ಟ ಕಾಲ ಅಥವಾ ನಿಗದಿತ ಅವಧಿಗೆ ನಿಲ್ಲಬಹುದಾದ ಸ್ಥಳಗಳನ್ನು ಗೊತ್ತುಪಡಿಸಲಾಗುತ್ತದೆ. ಕರ್ನಾಟಕದಲ್ಲಿ ಇಂತಹ ಆದೇಶಗಳನ್ನು ಸಾಮಾನ್ಯವಾಗಿ ಅಧಿನಿಯಮದ ಕಲಂ 115, 116 ಮತ್ತು 117 ಹಾಗೂ ಕರ್ನಾಟಕ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 221(ಎ)ರಲ್ಲಿ ಪ್ರದತ್ತವಾದ ಅಧಿಕಾರದನ್ವಯ ಹೊರಡಿಸಲಾಗುತ್ತದೆ. ನಿಷೇಧಿತ ಸ್ಥಳದಲ್ಲಿ ನಿಲ್ಲಿಸಿದ ವಾಹನವನ್ನು ಎಳೆದೊಯ್ಯಲು ಅಥವಾ ಚಕ್ರಕ್ಕೆ ಬೀಗ ಹಾಕಲು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಯು ಕಲಂ 127ರಡಿ ಅಧಿಕಾರ ನೀಡಬಹುದು. ಹತ್ತು ಗಂಟೆ ಅಥವಾ ಹೆಚ್ಚು ಕಾಲ ಸಾರ್ವಜನಿಕ ಸ್ಥಳದಲ್ಲಿ ವಾರಸುದಾರರಿಲ್ಲದೆ ಬಿಟ್ಟ ವಾಹನಗಳಿಗೂ ಇದು ಅನ್ವಯವಾಗುತ್ತದೆ. ಎಳೆದೊಯ್ದ ವೆಚ್ಚ ಮಾಲೀಕರದು.

ಕೆಲವು ಸ್ಥಳಗಳಿಗೆ ಯಾವ ಅರ್ಜಿಯೂ ಬೇಕಾಗಿಲ್ಲ. ಪಾದಚಾರಿ ಮಾರ್ಗ, ಜೀಬ್ರಾ ದಾಟು, ರಸ್ತೆಗಳ ಕೂಡುಸ್ಥಳ, ಬಸ್ ನಿಲ್ದಾಣ, ಕಟ್ಟಡದ ಪ್ರವೇಶದ್ವಾರದ ಮುಂಭಾಗ ಮುಂತಾದೆಡೆ ವಾಹನ ನಿಲ್ಲಿಸುವುದನ್ನು ಮೋಟಾರು ವಾಹನಗಳ (ಚಾಲನೆ) ವಿನಿಯಮಗಳು, 2017 ಈಗಾಗಲೇ ನಿಷೇಧಿಸಿವೆ. ಇಂತಹ ಉಲ್ಲಂಘನೆಯನ್ನು ಸ್ಥಳ, ಸಮಯ, ಛಾಯಾಚಿತ್ರದೊಂದಿಗೆ ಸಂಚಾರ ಪೊಲೀಸ್ ಠಾಣೆಗೆ ತಿಳಿಸಿದರೆ ಸಾಕು. ಪಾದಚಾರಿ ಮಾರ್ಗದಲ್ಲಿ ನಿಲುಗಡೆ ನಿಷೇಧಿಸಿ ಎಂದು ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯುವ ನಾಗರಿಕರಿದ್ದಾರೆ. ಆ ನಿಷೇಧ ಮೊದಲಿನಿಂದಲೂ ಜಾರಿಯಲ್ಲಿಯೇ ಇದೆ. ಸುಸ್ಥಿತಿಯ ಪಾದಚಾರಿ ಮಾರ್ಗವು ಸಂವಿಧಾನದ 21ನೇ ಅನುಚ್ಛೇದದ ಜೀವಿಸುವ ಹಕ್ಕಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯವು 2025ರ ಮೇ ತಿಂಗಳಿನಲ್ಲಿ ಹೇಳಿರುವುದನ್ನು ದೂರಿನಲ್ಲಿ ಉಲ್ಲೇಖಿಸಬಹುದು.

ಅರ್ಜಿಯನ್ನು ಯಾರಿಗೆ ಸಲ್ಲಿಸಬೇಕು

ಪೊಲೀಸ್ ಕಮಿಷನರೇಟ್ ಇರುವ ಬೆಂಗಳೂರು, ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿ ಮತ್ತು ಕಲಬುರಗಿ ನಗರಗಳಲ್ಲಿ ಪೊಲೀಸ್ ಆಯುಕ್ತರಿಗೆ, ಸಂಬಂಧಿಸಿದ ಸಂಚಾರ ಠಾಣೆಯ ಮುಖಾಂತರ ಸಲ್ಲಿಸತಕ್ಕದ್ದು. ಉಳಿದ ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿ ಹಾಗೂ ಜಿಲ್ಲಾ ದಂಡಾಧಿಕಾರಿಗಳಿಗೆ ವಿಳಾಸಿಸಿ, ಜಿಲ್ಲಾ ಪೊಲೀಸ್ ಅಧೀಕ್ಷಕರಿಗೆ ಪ್ರತಿಯನ್ನು ನೀಡಬೇಕು. ಫಲಕ, ಬಣ್ಣದ ಗುರುತು, ಪಾದಚಾರಿ ಮಾರ್ಗದ ಕಾಮಗಾರಿಗಳು ರಸ್ತೆಯ ಒಡೆತನ ಹೊಂದಿರುವ ಸಂಸ್ಥೆಗೆ ಸೇರಿದ್ದರಿಂದ ನಗರಪಾಲಿಕೆ, ನಗರಸಭೆ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿಗೂ ಪ್ರತಿ ಅಗತ್ಯ. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಹಿಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಬದಲಿಗೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಹಾಗೂ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿರುವುದರಿಂದ ತಮ್ಮ ರಸ್ತೆ ಯಾವ ಪಾಲಿಕೆಗೆ ಸೇರುತ್ತದೆಂದು ಮೊದಲೇ ಖಚಿತಪಡಿಸಿಕೊಳ್ಳಬೇಕು. ಊರೊಳಗೆ ಹಾದುಹೋಗುವ ರಾಜ್ಯ ಹೆದ್ದಾರಿಯಾದರೆ ಲೋಕೋಪಯೋಗಿ ಇಲಾಖೆಗೆ, ರಾಷ್ಟ್ರೀಯ ಹೆದ್ದಾರಿಯಾದರೆ ಅದನ್ನು ನಿರ್ವಹಿಸುವ ಪ್ರಾಧಿಕಾರಕ್ಕೆ ಪತ್ರವನ್ನು ಕಳುಹಿಸಬೇಕು.

ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯಲ್ಲಿ ಪೊಲೀಸ್, ಸಾರಿಗೆ, ಲೋಕೋಪಯೋಗಿ ಮತ್ತು ಸ್ಥಳೀಯ ಸಂಸ್ಥೆಗಳ ಅಧಿಕಾರಿಗಳು ಒಟ್ಟಿಗೆ ಕುಳಿತುಕೊಳ್ಳುತ್ತಾರೆ. ಎರಡು ಮೂರು ಇಲಾಖೆಗಳ ನಡುವೆ ಕಡತ ಸುತ್ತುತ್ತಿದ್ದರೆ ವಿಷಯವನ್ನು ಈ ಸಮಿತಿಯ ಕಾರ್ಯಸೂಚಿಯಲ್ಲಿ ಸೇರಿಸುವಂತೆ ಕೋರುವುದು ಫಲಕಾರಿ.

ತಮ್ಮ ಬೀದಿಯು "ಅಪಘಾತ ಕಪ್ಪುಸ್ಥಳ" ಪಟ್ಟಿಯಲ್ಲಿಲ್ಲ ಎಂಬ ಕಾರಣ ನೀಡಿ ಅರ್ಜಿಯನ್ನು ನಿರಾಕರಿಸಬಹುದೆಂಬ ಆತಂಕ ಬೇಡ. ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷಗಳೊಳಗೆ ಸಾವು ಅಥವಾ ತೀವ್ರ ಗಾಯಗಳಾದ ಐದು ಅಪಘಾತಗಳು, ಇಲ್ಲವೇ ಹತ್ತು ಸಾವುಗಳು ಸಂಭವಿಸಿರಬೇಕೆಂಬ ಆ ಮಾನದಂಡವನ್ನು ರಾಷ್ಟ್ರೀಯ ಹೆದ್ದಾರಿಗಳಿಗಾಗಿ ರೂಪಿಸಲಾಗಿದೆ. ಕಲಂ 112ರಲ್ಲಿ ಇಂತಹ ಯಾವ ಷರತ್ತೂ ಇಲ್ಲ. ಒಂದು ಬೀದಿಯ ಸುರಕ್ಷತೆಯ ಕುರಿತು ಯೋಚಿಸಲು ಅಲ್ಲಿ ಐದು ಜನ ಬೀಳುವವರೆಗೆ ಕಾಯಬೇಕೆಂದು ಕಾನೂನು ಹೇಳುವುದಿಲ್ಲ.

ಅರ್ಜಿಯೊಂದಿಗೆ ಲಗತ್ತಿಸಬೇಕಾದ ವಿವರ

"ವಾಹನಗಳು ವಿಪರೀತ ವೇಗವಾಗಿ ಬರುತ್ತಿವೆ, ದಯವಿಟ್ಟು ಕ್ರಮ ಕೈಗೊಳ್ಳಿ" ಎಂಬ ಒಂದು ಸಾಲಿನ ಅರ್ಜಿಗೂ, ಅಳತೆ ಮತ್ತು ನಕ್ಷೆ ಸಹಿತವಾದ ಅರ್ಜಿಗೂ ಪರಿಶೀಲನೆಯಲ್ಲಿ ಬಹಳ ಅಂತರವಾಗುತ್ತದೆ. ಈ ಕೆಲಸಕ್ಕೆ ತಜ್ಞರು ಬೇಕಾಗಿಲ್ಲ.

ಮೊದಲನೆಯದು ನಕ್ಷೆ. ರಸ್ತೆಯ ಹೆಸರು, ಯಾವ ಅಡ್ಡರಸ್ತೆಯಿಂದ ಯಾವ ಅಡ್ಡರಸ್ತೆಯವರೆಗೆ, ಯಾವ ಬದಿಯಲ್ಲಿ ನಿಷೇಧ ಬೇಕು ಎಂಬುದನ್ನು ಕೈಬರಹದ ನಕ್ಷೆಯಲ್ಲಿ ಗುರುತಿಸಬೇಕು. ಅಧಿಸೂಚನೆಯಲ್ಲಿ ಈ ಗಡಿಗಳನ್ನೇ ನಮೂದಿಸುವುದರಿಂದ ಅಸ್ಪಷ್ಟತೆ ಇರಕೂಡದು. ಶಾಲೆಯ ದ್ವಾರ, ಬಸ್ ನಿಲ್ದಾಣ, ವಿದ್ಯುತ್ ಕಂಬ, ಪರಿವರ್ತಕ, ದೊಡ್ಡ ಮರಗಳನ್ನು ತೋರಿಸಿದರೆ ಫಲಕಗಳ ಸ್ಥಳ ನಿರ್ಧರಿಸಲು ಅನುಕೂಲ.

ರಸ್ತೆಯ ಅಗಲವನ್ನು ಟೇಪಿನಿಂದ ಅಳೆದು ಬರೆಯಬೇಕು. ಬಡಾವಣೆ ನಕ್ಷೆಯಲ್ಲಿ 30 ಅಡಿ ರಸ್ತೆ ಎಂದರೆ ಚರಂಡಿ, ಪಾದಚಾರಿ ಮಾರ್ಗಗಳೂ ಸೇರಿ 30 ಅಡಿ, ಅಂದರೆ ಸುಮಾರು 9 ಮೀಟರ್. ವಾಹನ ಸಂಚಾರಕ್ಕೆ ಉಳಿಯುವುದು 6 ಮೀಟರ್ ಎಂದಿಟ್ಟುಕೊಂಡರೂ, ಎರಡೂ ಬದಿಯಲ್ಲಿ ನಿಂತ ಕಾರುಗಳು ತಲಾ 2 ಮೀಟರ್ ಆಕ್ರಮಿಸಿದ ಮೇಲೆ ಮಧ್ಯೆ ಉಳಿಯುವುದು 2 ಮೀಟರ್ ಮಾತ್ರ. ಅಲ್ಲಿಂದ ಆಂಬುಲೆನ್ಸ್ ಪ್ರಯಾಸಪಟ್ಟು ಹೋದೀತು, ಅಗ್ನಿಶಾಮಕ ವಾಹನ ಹೋಗಲಾರದು. ಈ ಒಂದು ಅಳತೆಯು ಹಲವು ಪುಟಗಳ ವಾದಕ್ಕಿಂತ ಪರಿಣಾಮಕಾರಿ.

ವೇಗವನ್ನು ಅಂದಾಜಿಸುವ ವಿಧಾನ ಹೀಗಿದೆ. ರಸ್ತೆಯ ಅಂಚಿನಲ್ಲಿ 50 ಮೀಟರ್ ಅಂತರದ ಎರಡು ಗುರುತುಗಳನ್ನು, ಉದಾಹರಣೆಗೆ ಎರಡು ಕಂಬಗಳನ್ನು ಆರಿಸಿಕೊಂಡು, ಒಂದು ವಾಹನವು ಮೊದಲ ಗುರುತಿನಿಂದ ಎರಡನೆಯದಕ್ಕೆ ಬರಲು ತೆಗೆದುಕೊಳ್ಳುವ ಸಮಯವನ್ನು ಮೊಬೈಲ್ ದೂರವಾಣಿಯ ಸ್ಟಾಪ್‌ವಾಚ್‌ನಲ್ಲಿ ದಾಖಲಿಸಬೇಕು. 6 ಸೆಕೆಂಡ್ ಆದರೆ ವೇಗ ಗಂಟೆಗೆ 30 ಕಿ.ಮೀ., 4.5 ಸೆಕೆಂಡ್ ಆದರೆ 40 ಕಿ.ಮೀ., 3.6 ಸೆಕೆಂಡ್ ಆದರೆ 50 ಕಿ.ಮೀ. ಬೆಳಿಗ್ಗೆ ಶಾಲೆ ಆರಂಭವಾಗುವ ಹೊತ್ತು, ಮಧ್ಯಾಹ್ನ, ಸಂಜೆ ಮತ್ತು ರಾತ್ರಿ, ಪ್ರತಿ ಬಾರಿಯೂ ಸುಮಾರು ಐವತ್ತು ವಾಹನಗಳನ್ನು ಗಮನಿಸಿದರೆ ಚಿತ್ರಣ ಸ್ಪಷ್ಟವಾಗುತ್ತದೆ. ಈ ಅಂಕಿಗಳ ಮೇಲೆ ದಂಡ ವಿಧಿಸಲಾಗದು. ಆದರೆ ಪೊಲೀಸರು ತಮ್ಮ ಉಪಕರಣದಿಂದ ಯಾವ ಹೊತ್ತಿನಲ್ಲಿ ತಪಾಸಣೆ ನಡೆಸಬೇಕೆಂಬುದು ಇದರಿಂದ ತಿಳಿಯುತ್ತದೆ. ರಸ್ತೆಗಿಳಿದು ವಾಹನಗಳನ್ನು ತಡೆದು ಅಳೆಯುವ ಸಾಹಸಕ್ಕೆ ಯಾರೂ ಮುಂದಾಗಬಾರದು.

ನಿಲುಗಡೆಯ ಎಣಿಕೆಯೂ ಬೇಕು. ದಿನದ ವಿವಿಧ ವೇಳೆಯಲ್ಲಿ ಎಷ್ಟು ವಾಹನ ನಿಂತಿವೆ, ಅವುಗಳಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಕದಲದವು ಎಷ್ಟು ಎಂದು ಗುರುತು ಹಾಕಿಕೊಳ್ಳಬೇಕು. ಅಂಗಡಿ ಬೀದಿಗಳಲ್ಲಿ ಗ್ರಾಹಕರದೆಂದು ಭಾವಿಸಲಾದ ವಾಹನಗಳು ಇಡೀ ದಿನ ಒಂದೇ ಜಾಗದಲ್ಲಿ ನಿಂತಿದ್ದರೆ, ಅವು ಅಂಗಡಿ ಮಾಲೀಕರದೋ ಸಿಬ್ಬಂದಿಯದೋ ಆಗಿರುವ ಸಂಭವವೇ ಹೆಚ್ಚು. ಮಾತುಕತೆಯ ವೇಳೆ ಈ ಎಣಿಕೆ ಉಪಯೋಗಕ್ಕೆ ಬರುತ್ತದೆ. ಹಿಂದೆ ನಡೆದ ಅಪಘಾತಗಳ ಬಗ್ಗೆ ತಿಳಿದಿದ್ದಲ್ಲಿ ದಿನಾಂಕ ಮತ್ತು ಸ್ಥಳವನ್ನು ಮಾತ್ರ ನಮೂದಿಸಿದರೆ ಸಾಕು. ಗಾಯಾಳುಗಳ ಹೆಸರು, ವಿಳಾಸ ಬೇಡ.

ಆಕ್ಷೇಪಣೆಗಳು ಮತ್ತು ಅವುಗಳಿಗೆ ಅವಕಾಶ

ನಿಲುಗಡೆ ನಿಷೇಧದಿಂದ ಕೆಲವರಿಗೆ ನಿಜವಾದ ತೊಂದರೆಯಾಗುತ್ತದೆ ಎಂಬುದನ್ನು ಅಲ್ಲಗಳೆಯುವಂತಿಲ್ಲ. ಸರಕು ಇಳಿಸಿಕೊಳ್ಳುವ ಕಿರಾಣಿ ಅಂಗಡಿ, ರೋಗಿಗಳು ಬರುವ ದವಾಖಾನೆ, ಗಾಲಿಕುರ್ಚಿ ಬಳಸುವ ನಿವಾಸಿ, ಮನೆಯಲ್ಲಿ ವಾಹನ ನಿಲ್ಲಿಸುವ ಜಾಗವಿಲ್ಲದ ಬಾಡಿಗೆದಾರ ಇವರೆಲ್ಲರೂ ಆಕ್ಷೇಪಿಸಬಹುದು. ಕಲಂ 117ರಲ್ಲಿ ನಿಗದಿತ ಅವಧಿಯ ನಿಲುಗಡೆಗೂ ಅವಕಾಶವಿರುವುದರಿಂದ, ಬೆಳಿಗ್ಗೆ ನಿರ್ದಿಷ್ಟ ಸಮಯದಲ್ಲಿ ಸರಕು ಇಳಿಸುವ ತಾಣ, ವಿಕಲಚೇತನರಿಗೆ ಮೀಸಲು ಸ್ಥಳ, ಆಟೋ ನಿಲ್ದಾಣ ಮುಂತಾದವುಗಳನ್ನು ಅರ್ಜಿಯಲ್ಲಿಯೇ ಸೂಚಿಸುವುದು ಲೇಸು. ಇವುಗಳಿಗೆ ಜಾಗ ತೋರಿಸದ ಅರ್ಜಿಗಳು ಆಕ್ಷೇಪಣೆಯ ಹಂತದಲ್ಲಿ ನಿಂತುಹೋಗುತ್ತವೆ. ಮನೆಯ ಕೆಳಮಹಡಿಯ ನಿಲುಗಡೆ ಜಾಗವನ್ನು ಅಂಗಡಿಗೆ ಬಾಡಿಗೆ ಕೊಟ್ಟು ಕಾರನ್ನು ಬೀದಿಯಲ್ಲಿ ನಿಲ್ಲಿಸುವವರ ಆಕ್ಷೇಪಣೆಯನ್ನು ಮಾತ್ರ ಇದೇ ತಕ್ಕಡಿಯಲ್ಲಿ ತೂಗಬೇಕಾಗಿಲ್ಲ.

ಬೀದಿ ವ್ಯಾಪಾರಿಗಳ ವಿಷಯ ಪ್ರತ್ಯೇಕ. ಅವರ ಜೀವನೋಪಾಯಕ್ಕೆ 2014ರ ಬೀದಿ ವ್ಯಾಪಾರಿಗಳ ಅಧಿನಿಯಮದ ರಕ್ಷಣೆಯಿದ್ದು, ವಾಹನ ನಿಲುಗಡೆ ನಿಷೇಧದ ಆದೇಶವನ್ನು ಅವರನ್ನು ಎತ್ತಂಗಡಿ ಮಾಡಲು ಬಳಸತಕ್ಕದ್ದಲ್ಲ.

ಸಮ ದಿನಾಂಕದಂದು ಒಂದು ಬದಿ, ಬೆಸ ದಿನಾಂಕದಂದು ಇನ್ನೊಂದು ಬದಿ ಎಂಬ ವ್ಯವಸ್ಥೆ ರಾಜ್ಯದ ಹಲವು ಪಟ್ಟಣಗಳಲ್ಲಿದೆ. ಇದರಿಂದ ರಸ್ತೆಯ ಅಗಲ ಉಳಿಯುತ್ತದೆ, ವ್ಯಾಪಾರಿಗಳಿಗೂ ಸಮಪಾಲು ಸಿಗುತ್ತದೆ. ಆದರೆ ವಾಹನ ನಿಂತ ಬದಿಯಲ್ಲಿ ದೃಷ್ಟಿಗೆ ಆಗುವ ಮರೆ ಹಾಗೆಯೇ ಇರುವುದರಿಂದ, ಶಾಲೆಯ ಮುಂದೆ ಮತ್ತು ಅಡ್ಡರಸ್ತೆಯ ಮೂಲೆಗಳಲ್ಲಿ ಎರಡೂ ಬದಿಗೆ ಪೂರ್ಣ ನಿಷೇಧವೇ ಸರಿ.

ರಸ್ತೆ ಉಬ್ಬುಗಳ ಕುರಿತು

ವೇಗದ ಬಗ್ಗೆ ದೂರು ಎಂದರೆ ಬಹುತೇಕರ ಮನಸ್ಸಿಗೆ ಮೊದಲು ಬರುವುದು ಹಂಪ್. ಭಾರತೀಯ ರಸ್ತೆ ಕಾಂಗ್ರೆಸ್ 1988ರಲ್ಲಿ ಪ್ರಕಟಿಸಿದ ಐಆರ್‌ಸಿ 99 ಮಾರ್ಗಸೂಚಿಯಲ್ಲಿ, ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಲು ತಕ್ಕ ಉಬ್ಬು 3.7 ಮೀಟರ್ ಅಗಲ ಮತ್ತು 10 ಸೆಂ.ಮೀ. ಎತ್ತರವಿರಬೇಕೆಂದಿತ್ತು. ಒಂದಡಿ ಅಗಲಕ್ಕೆ ಸಿಮೆಂಟು ಸುರಿದು ರಾತ್ರೋರಾತ್ರಿ ಎಬ್ಬಿಸಿದ ದಿಬ್ಬಗಳು ಈ ಅಳತೆಯ ಸಮೀಪಕ್ಕೂ ಬರುವುದಿಲ್ಲ. ಬಣ್ಣ, ಎಚ್ಚರಿಕೆ ಫಲಕ, ಬೆಳಕು ಇಲ್ಲದ ಇಂತಹ ದಿಬ್ಬಗಳಿಂದಾಗಿ ದ್ವಿಚಕ್ರ ವಾಹನ ಸವಾರರು, ವಿಶೇಷವಾಗಿ ಹಿಂಬದಿಯಲ್ಲಿ ಕುಳಿತ ಮಹಿಳೆಯರು ಬಿದ್ದು ಪೆಟ್ಟು ತಿನ್ನುತ್ತಾರೆ. ಉಬ್ಬು ಬೇಕೆನಿಸಿದಲ್ಲಿ ಮಾರ್ಗಸೂಚಿಯಂತೆಯೇ ನಿರ್ಮಿಸುವಂತೆ ಸ್ಥಳೀಯ ಸಂಸ್ಥೆಯನ್ನು ಕೋರಬೇಕು. ಪಾದಚಾರಿ ದಾಟುವ ಜಾಗವನ್ನೇ ಎತ್ತರಿಸಿ ಅಗಲವಾದ ವೇದಿಕೆಯಂತೆ ಕಟ್ಟಿದರೆ ಎರಡು ಕೆಲಸ ಒಮ್ಮೆಗೆ ಆಗುತ್ತದೆ.

ಬೇರೆಡೆಯ ಅನುಭವ

ಬೆಂಗಳೂರಿನ ಚರ್ಚ್ ಸ್ಟ್ರೀಟ್ ಕಲ್ಲುಹಾಸಿನೊಂದಿಗೆ ಪುನರ್ವಿನ್ಯಾಸಗೊಂಡು 2018ರಲ್ಲಿ ತೆರೆದುಕೊಂಡಿತು. 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ಅಲ್ಲಿ ವಾಹನ ಸಂಚಾರವನ್ನೇ ನಿಲ್ಲಿಸಲಾಗಿತ್ತು. ನಾರ್ವೆ ದೇಶದ ಓಸ್ಲೋ ನಗರವು ಕೇಂದ್ರ ಭಾಗದಿಂದ ನೂರಾರು ರಸ್ತೆಬದಿ ನಿಲುಗಡೆ ಸ್ಥಳಗಳನ್ನು ತೆಗೆದು, ವೇಗಮಿತಿಗಳನ್ನು ಇಳಿಸಿತು. 2019ರಲ್ಲಿ ಆ ನಗರದಲ್ಲಿ ಒಬ್ಬ ಪಾದಚಾರಿಯೂ ಒಬ್ಬ ಸೈಕಲ್ ಸವಾರನೂ ಅಪಘಾತದಲ್ಲಿ ಸಾಯಲಿಲ್ಲ. ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಅರ್ಧಕ್ಕೂ ಹೆಚ್ಚು ಬೀದಿಗಳಿಗೆ 30 ಕಿ.ಮೀ. ಮಿತಿಯಿದ್ದು, 2025ರ ಜುಲೈಗೆ ಕೊನೆಗೊಂಡ ಒಂದು ವರ್ಷದಲ್ಲಿ ಅಲ್ಲಿ ರಸ್ತೆ ಅಪಘಾತದ ಸಾವು ಒಂದೂ ಸಂಭವಿಸಲಿಲ್ಲ. ನಮ್ಮ ಊರುಗಳ ಸಂಚಾರ ಬೇರೆ, ದ್ವಿಚಕ್ರ ವಾಹನಗಳ ಪ್ರಮಾಣ ಬೇರೆ ಎಂಬುದು ನಿಜ. ಬ್ರೇಕಿನ ಲೆಕ್ಕ ಮಾತ್ರ ಎರಡೂ ಕಡೆ ಒಂದೇ.

ಆದೇಶವಾದ ನಂತರ

ಅಧಿಸೂಚನೆ ಹೊರಬಿದ್ದ ಮೇಲೆ ಫಲಕಗಳು ಸರಿಯಾಗಿವೆಯೇ ಎಂದು ಪರಿಶೀಲಿಸಿಕೊಳ್ಳಬೇಕು. ಕೆಂಪು ಅಂಚಿನ ನೀಲಿ ವೃತ್ತದಲ್ಲಿ ಒಂದು ಓರೆಗೆರೆ ಇದ್ದರೆ ವಾಹನ ನಿಲುಗಡೆ ನಿಷೇಧ; ಜನರನ್ನು ಹತ್ತಿಸಿ ಇಳಿಸಲು ಕ್ಷಣಕಾಲ ನಿಲ್ಲಬಹುದು. ಎರಡು ಗೆರೆಗಳು ಒಂದನ್ನೊಂದು ಹಾಯ್ದಿದ್ದರೆ ನಿಲ್ಲುವುದೇ ನಿಷೇಧ. ಶಾಲೆಯ ದ್ವಾರಕ್ಕೆ ಎರಡನೆಯದನ್ನು ಕೋರುವಾಗ, ಮಕ್ಕಳನ್ನು ಇಳಿಸುವ ಜಾಗ ಸ್ವಲ್ಪ ದೂರದಲ್ಲಿ ಎಲ್ಲಿರಬೇಕೆಂದು ಶಾಲೆಯವರೊಡನೆ ಮೊದಲೇ ಮಾತನಾಡಿಕೊಳ್ಳುವುದು ಅವಶ್ಯ. ವೇಗಮಿತಿಯ ಫಲಕವು ಕೆಂಪು ಅಂಚಿನ ಬಿಳಿ ವೃತ್ತದಲ್ಲಿ ಅಂಕಿಯನ್ನು ಹೊಂದಿರುತ್ತದೆ. 2019ರ ತಿದ್ದುಪಡಿಯ ಪ್ರಕಾರ ಅತಿವೇಗಕ್ಕೆ ಕಲಂ 183ರಡಿ ಲಘು ಮೋಟಾರು ವಾಹನಗಳಿಗೆ ರೂ. 1,000ದಿಂದ 2,000, ಮಧ್ಯಮ ಮತ್ತು ಭಾರಿ ವಾಹನಗಳಿಗೆ ರೂ. 2,000ದಿಂದ 4,000 ದಂಡವನ್ನು ನಿಗದಿಪಡಿಸಲಾಗಿದೆ.

ಅರ್ಜಿ ಸಲ್ಲಿಸುವಾಗ ಸ್ವೀಕೃತಿ ಪಡೆದು ದಿನಾಂಕದೊಂದಿಗೆ ಕಾಯ್ದಿರಿಸಿಕೊಳ್ಳಬೇಕು. ಉತ್ತರ ಬಾರದಿದ್ದಲ್ಲಿ ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902ರಲ್ಲಿ ಕುಂದುಕೊರತೆಯನ್ನು ದಾಖಲಿಸಬಹುದು. ತಮ್ಮ ರಸ್ತೆಗೆ ಈಗಾಗಲೇ ಯಾವುದಾದರೂ ಅಧಿಸೂಚನೆ ಇದೆಯೇ ಎಂಬುದನ್ನು ತಿಳಿಯಲು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ರೂ. 10 ಶುಲ್ಕದೊಂದಿಗೆ ಅರ್ಜಿ ಸಲ್ಲಿಸಿದರೆ 30 ದಿನಗಳೊಳಗೆ ಮಾಹಿತಿ ನೀಡಬೇಕಾಗುತ್ತದೆ. ಹೊಸ ಅರ್ಜಿ ಬರೆಯುವ ಮೊದಲೇ ಇದನ್ನು ಮಾಡುವುದು ಒಳಿತು. ವರ್ಷಗಳ ಹಿಂದೆ ನಿಷೇಧ ಹೊರಡಿಸಿದ್ದು, ರಸ್ತೆ ಅಗೆದಾಗ ಫಲಕ ಮಾತ್ರ ಕಿತ್ತುಹೋದ ಬೀದಿಗಳೂ ಇವೆ. ಅಂತಹ ಸಂದರ್ಭದಲ್ಲಿ ಅಧಿಸೂಚನೆಯ ಸಂಖ್ಯೆ ಮತ್ತು ದಿನಾಂಕವನ್ನು ಉಲ್ಲೇಖಿಸಿ, ಫಲಕವನ್ನು ಮರುಅಳವಡಿಸುವಂತೆ ಸ್ಥಳೀಯ ಸಂಸ್ಥೆಗೂ ಸಂಚಾರ ಠಾಣೆಗೂ ಪತ್ರ ಬರೆಯಬೇಕು.